ಮನೆ, ಕೆರೆ, ದಾರಿ: ಬಂಟ್ವಾಳದಿಂದ ಮೂಡುಬಿದಿರೆಗೆ

ಇತಿಹಾಸ ಎಂದೊಡನೆ ನಿಮಗೆ ನೆನಪಾಗುವುದು ಕೋಟೆ, ಯುದ್ಧ, ಪಟ್ಟಾಭಿಷೇಕ, ಜೊತೆಗೆ ಪರೀಕ್ಷೆಯ ಹಿಂದಿನ ರಾತ್ರಿ ಬಾಯಿಪಾಠ ಮಾಡಿದ ಇಸವಿಗಳು. ತಪ್ಪೇನಿಲ್ಲ; ಇಸವಿಗಳಿಲ್ಲದೆ ಇತಿಹಾಸ ನಿಲ್ಲುವುದಿಲ್ಲ. ಆದರೆ ಆ ಅರಸರೂ ಅರಸಿಯರೂ ಸಂಜೆಯಾದ ಮೇಲೆ ಯಾವ ಮನೆಗೆ ಹೋಗುತ್ತಿದ್ದರು? ಆ ಮನೆ ಗಂಡನದೋ, ಹೆಂಡತಿಯದೋ? ಆ ಮನೆಯ ಗದ್ದೆಗೆ ನೀರು ಎಲ್ಲಿಂದ ಬರುತ್ತಿತ್ತು? ಇಂಥ ಪ್ರಶ್ನೆಗಳನ್ನು ನಾವು ಅಪರೂಪಕ್ಕೆ ಕೇಳುತ್ತೇವೆ. ದಕ್ಷಿಣ ಕನ್ನಡ ಜಿಲ್ಲೆಯ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲೂಕುಗಳಲ್ಲಿ ಎರಡು ದಿನ ತಿರುಗಾಡಿದರೆ ಈ ಪ್ರಶ್ನೆಗಳಿಂದ ತಪ್ಪಿಸಿಕೊಳ್ಳುವುದು ಸಾಧ್ಯವಿಲ್ಲ.

ಮಳೆಗಾಲ ಮುಗಿದು ಗದ್ದೆಗಳಲ್ಲಿ ಏಣೆಲು ಬೆಳೆಯ ಕಟಾವು ನಡೆದಿದ್ದ ದಿನಗಳಲ್ಲಿ ನಾನೂ ನನ್ನ ಶ್ರೀಮತಿಯೂ ಈ ದಾರಿ ಹಿಡಿದೆವು. ಅದು ಬರೀ ವಿಹಾರವಲ್ಲ. ಬೆಳ್ತಂಗಡಿ ತಾಲೂಕಿನಲ್ಲಿರುವ ಅವಳ ಕುಟುಂಬದ ಮನೆಯ ಬಗ್ಗೆ ಹಿರಿಯರು ಒಂದು ಮಾತುಕತೆ ಕರೆದಿದ್ದರು. ಮನೆ ಹಳೆಯದು, ಮಾಡು ಸೋರುತ್ತಿದೆ, ವಾಸಕ್ಕೆ ಯಾರೂ ಇಲ್ಲ. ಹಳೆಯ ಮರದ ಸಾಮಾನು ಕೊಳ್ಳುವ ವ್ಯಾಪಾರಿಯೊಬ್ಬರು ಕಂಬಗಳಿಗೆ ಬೆಲೆ ಕೇಳಿ ಹೋಗಿದ್ದರು. ಕಂಬ ಮಾರುವುದೋ, ಮಾಡು ಹೊದಿಸುವುದೋ, ಇದು ನಿರ್ಧಾರವಾಗಬೇಕಿತ್ತು. "ಹೇಗೂ ಹೋಗುತ್ತಿದ್ದೇವೆ; ದಾರಿಯಲ್ಲಿರುವ ದೊಡ್ಡ ಮನೆಗಳ ಗತಿ ಏನಾಗಿದೆ ನೋಡಿಕೊಂಡು ಹೋಗೋಣ" ಎಂದಳು ಅವಳು. ನೀವೂ ನಮ್ಮ ಜೊತೆ ಬನ್ನಿ.

ನದಿ ದಡದ ಪೇಟೆ

ಮಂಗಳೂರಿನಿಂದ ಪೂರ್ವಕ್ಕೆ ಸುಮಾರು 25 ಕಿಲೋಮೀಟರ್ ಹೋದರೆ ಬಿ.ಸಿ. ರೋಡ್. ಬಂಟ್ವಾಳಕ್ಕೆ ಕವಲೊಡೆಯುವ ದಾರಿ ಎಂಬ ಅರ್ಥದ 'ಬಂಟ್ವಾಳ ಕ್ರಾಸ್ ರೋಡ್' ಎಂಬ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳೇ ಇಂದು ಊರಿನ ಹೆಸರಾಗಿವೆ. ಬಸ್ಸುಗಳೆಲ್ಲ ಇಲ್ಲಿ ನಿಲ್ಲುತ್ತವೆ. ಆದರೆ ನಿಜವಾದ ಹಳೆಯ ಪೇಟೆ ಇರುವುದು ಸ್ವಲ್ಪ ಒಳಗೆ, ನೇತ್ರಾವತಿಯ ದಡದಲ್ಲಿ. ಲಾರಿಗಳಿಲ್ಲದ ಕಾಲದಲ್ಲಿ ನದಿಯೇ ಹೆದ್ದಾರಿ. ಘಟ್ಟದಿಂದ ಇಳಿದ ಸರಕು ಇಲ್ಲಿ ದೋಣಿ ಹತ್ತಿ ಮಂಗಳೂರಿಗೆ ಹೋಗುತ್ತಿತ್ತು. ಅಲ್ಲಿಂದ ಬರುವ ಸರಕು ಇಲ್ಲಿ ಇಳಿದು ಎತ್ತಿನ ಬೆನ್ನೇರುತ್ತಿತ್ತು. ಕಿರಿದಾದ ಬೀದಿಯ ಎರಡೂ ಬದಿ ಹೆಂಚಿನ ಮಾಡಿನ ಅಂಗಡಿ ಮನೆಗಳು ನಿಂತದ್ದು ಈ ವ್ಯಾಪಾರದಿಂದ.

ಕೊಟ್ಟ ನದಿಯೇ ಕಸಿದುಕೊಳ್ಳುವುದೂ ಉಂಟು. 1923ರ ಮಹಾನೆರೆಯನ್ನು ಇಲ್ಲಿನ ಹಿರಿಯರು ತುಳುವಿನಲ್ಲಿ 'ಮಾರಿ ಬೊಳ್ಳ' ಎಂದು ಕರೆಯುತ್ತಿದ್ದರು. 1974ರಲ್ಲಿ ಮತ್ತೊಮ್ಮೆ ನೀರು ಪೇಟೆಗೆ ನುಗ್ಗಿತು. ನದಿಬದಿಯ ಹಳೆಯ ಮನೆಗಳು ಉಳಿದಿರುವುದೇ ಕಡಿಮೆ ಏಕೆ ಎಂಬುದಕ್ಕೆ ಇದೂ ಒಂದು ಕಾರಣ.

ಮಕ್ಕಳ ಕವಿತೆಗಳಿಂದ, ಕಥೆಗಳಿಂದ ನಿಮಗೆ ಪರಿಚಿತರಾದ ಪಂಜೆ ಮಂಗೇಶರಾಯರು ಹುಟ್ಟಿದ್ದು ಇದೇ ಬಂಟ್ವಾಳದಲ್ಲಿ, 1874ರಲ್ಲಿ. 'ಕವಿಶಿಷ್ಯ' ಎಂಬ ಹೆಸರಿನಲ್ಲಿ ಬರೆದ ಅವರು 1934ರಲ್ಲಿ ರಾಯಚೂರಿನ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದರು. ನದಿ, ಹಾವು, ಗಾಳಿ, ಮಳೆ ಅವರ ಬರವಣಿಗೆಯಲ್ಲಿ ಅಷ್ಟು ಸಲೀಸಾಗಿ ಬರುವುದೇಕೆ ಎಂದು ತಿಳಿಯಲು ಆಷಾಢದಲ್ಲಿ ಒಮ್ಮೆ ಈ ದಡದಲ್ಲಿ ನಿಂತರೆ ಸಾಕು.

ಬಿ.ಸಿ. ರೋಡಿನ ಸಂಚಯಗಿರಿಯಲ್ಲಿ ಒಂದು ವಸ್ತುಸಂಗ್ರಹಾಲಯವಿದೆ. ಇತಿಹಾಸದ ಪ್ರಾಧ್ಯಾಪಕ ತುಕಾರಾಮ ಪೂಜಾರಿಯವರು ಕಟ್ಟಿದ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರ ಅದನ್ನು ನಡೆಸುತ್ತದೆ. ನೇಗಿಲು, ನೊಗ, ಕಳಸೆ, ಸೇರು, ತಾಳೆಗರಿಯ ಕೊಡೆ, ಅಡುಗೆ ಮನೆಯ ಮರದ ಪಾತ್ರೆಗಳನ್ನು ಅಲ್ಲಿ ಜೋಡಿಸಿಟ್ಟಿದ್ದಾರೆ. ರಾಜರ ಖಡ್ಗಕ್ಕಿಂತ ಹೆಚ್ಚು ಹೊತ್ತು ನಾವು ನಿಂತದ್ದು ಭತ್ತ ಅಳೆಯುವ ಕಳಸೆಯ ಮುಂದೆ. ಗೇಣಿ ಅಳೆದದ್ದು ಇದರಿಂದಲೇ. ಆ ಗೇಣಿಯಿಂದಲೇ ದೊಡ್ಡ ಮನೆಗಳು ಎದ್ದು ನಿಂತದ್ದು. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ದೋಣಿಯಲ್ಲಿ ಭೇಟಿಯಾಗುತ್ತಿದ್ದ ದಂಪತಿ

ನೇತ್ರಾವತಿಯ ದಡದಲ್ಲಿ, ಪಾಣೆಮಂಗಳೂರಿನ ಹತ್ತಿರ ನಂದಾವರ ಎಂಬ ಊರಿದೆ. ಬಂಗ ಅರಸರ ಬೀಡುಗಳಲ್ಲಿ ಇದೂ ಒಂದು. ಬೆಳ್ತಂಗಡಿ ತಾಲೂಕಿನ ಬಂಗಾಡಿ ಅವರ ಮೂಲಸ್ಥಾನ. ಅಲ್ಲಿಂದ ನದಿಯ ಜಾಡು ಹಿಡಿದು ನಂದಾವರ, ಮಂಗಳೂರುಗಳವರೆಗೆ ಅವರ ಆಡಳಿತ ಹಬ್ಬಿತು. 1837ರಲ್ಲಿ ಸುಳ್ಯದ ಕಡೆಯಿಂದ ಬಂದ ರೈತರ ಪಡೆ ಬ್ರಿಟಿಷರನ್ನು ಎದುರಿಸಿ ಮಂಗಳೂರನ್ನು ಕೆಲವು ದಿನ ವಶದಲ್ಲಿಟ್ಟುಕೊಂಡಾಗ ನಂದಾವರದ ಲಕ್ಷ್ಮಪ್ಪ ಬಂಗರಸ ಅವರ ಜೊತೆ ನಿಂತ. ಬಂಡಾಯ ಅಡಗಿದ ಮೇಲೆ ಅವನನ್ನು ಮಂಗಳೂರಿನ ಬಿಕರ್ನಕಟ್ಟೆಯಲ್ಲಿ ಗಲ್ಲಿಗೇರಿಸಲಾಯಿತು.

ಆದರೆ ನಾನು ಹೇಳಹೊರಟ ಕಥೆ ಅದಕ್ಕೂ ಎರಡು ಶತಮಾನ ಹಿಂದಿನದು. 1623ರಲ್ಲಿ ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ಇಟಲಿಯ ಪ್ರವಾಸಿ ಕರಾವಳಿಗೆ ಬಂದ. ಬಾಗ್ದಾದಿನಲ್ಲಿ ಮದುವೆಯಾಗಿದ್ದ ಅವನ ಪ್ರೀತಿಯ ಹೆಂಡತಿ ಮಾನಿ 1621ರ ಕೊನೆಯಲ್ಲಿ ಪರ್ಷಿಯದಲ್ಲಿ ತೀರಿಕೊಂಡಿದ್ದಳು. ಅವಳ ದೇಹವನ್ನು ಕೆಡದಂತೆ ಸಂಸ್ಕರಿಸಿ ಪೆಟ್ಟಿಗೆಯಲ್ಲಿಟ್ಟು, ಭಾರತದ ಪ್ರವಾಸದುದ್ದಕ್ಕೂ ತನ್ನ ಸಾಮಾನಿನೊಡನೆ ಸಾಗಿಸಿ, ಕೊನೆಗೆ ರೋಮಿಗೆ ಒಯ್ದು ಸಮಾಧಿ ಮಾಡಿದವನು ಅವನು. ಗಂಡ ಹೆಂಡತಿ ಸಾವಿನಲ್ಲೂ ಒಂದೇ ಮನೆಯವರು ಎಂದು ನಂಬಿದ್ದ ಈ ಮನುಷ್ಯ ತುಳುನಾಡಿನಲ್ಲಿ ಕೇಳಿದ ಸಂಗತಿ ಅವನಿಗೆ ಬಹಳ ವಿಚಿತ್ರವಾಗಿ ಕಂಡಿತು.

ಉಳ್ಳಾಲದ ಚೌಟ ರಾಣಿಗೂ ನೆರೆಯ ಬಂಗ ಅರಸನಿಗೂ ಮದುವೆಯಾಗಿತ್ತು. ಆದರೆ ಅವರು ಒಂದೇ ಮನೆಯಲ್ಲಿ ಬಾಳಲಿಲ್ಲ. ಅವಳ ನಾಡನ್ನು ಅವಳು ಆಳಿದಳು. ಅವನ ನಾಡನ್ನು ಅವನು ಆಳಿದ. ಎರಡು ನಾಡುಗಳ ಗಡಿಯಲ್ಲಿ, ಕೆಲವೊಮ್ಮೆ ಹೊಳೆಯ ಮೇಲೆ ದೋಣಿಗಳಲ್ಲಿ ಡೇರೆ ಕಟ್ಟಿಸಿ, ಗಂಡ ಹೆಂಡತಿ ಭೇಟಿಯಾಗುತ್ತಿದ್ದರು ಎಂದು ಅವನು ಬರೆದಿದ್ದಾನೆ. ಮುಂದೆ ಮನಸ್ಸು ಮುರಿಯಿತು. ಅವನು ಕೊಟ್ಟಿದ್ದ ಒಡವೆಗಳನ್ನೆಲ್ಲ ರಾಣಿ ಹಿಂದಕ್ಕೆ ಕಳುಹಿಸಿದಳು. ಸಂಬಂಧ ಮುಗಿಯಿತು ಎಂಬುದಕ್ಕೆ ಅಷ್ಟೇ ಸಾಕಾಗಿತ್ತು. ಜಗಳ ಬೆಳೆದು ಯುದ್ಧವಾಯಿತು. ಬಂಗನ ಪರ ಪೋರ್ಚುಗೀಸರು ಬಂದರೆ, ರಾಣಿಯ ಪರ ಇಕ್ಕೇರಿಯ ವೆಂಕಟಪ್ಪ ನಾಯಕ ಬಂದ.

ದೆಲ್ಲಾ ವಾಲ್ಲೆ ರಾಣಿಯನ್ನು ನೋಡಿದ್ದು ಮಂಗಳೂರು ಮೂಡುಬಿದಿರೆಗಳ ನಡುವೆ ಇರುವ ಮಣೇಲಿನಲ್ಲಿ. ಸಿಂಹಾಸನದ ಮೇಲೆ ಅಲ್ಲ, ದಾರಿಯಲ್ಲಿ. ಬರಿಗಾಲಿನಲ್ಲಿ, ಕೊಡೆಯ ನೆರಳಿನಲ್ಲಿ ನಡೆದು ಬರುತ್ತಿದ್ದ ಅವಳು ಹೊರಟದ್ದು ಕಾಲುವೆ ಅಗೆಯುವ ಕೆಲಸ ನೋಡಲು. ನೀರಿನ ಕೆಲಸವನ್ನು ಸ್ವತಃ ನೋಡಿಕೊಳ್ಳುವ ರಾಣಿ! ಇತಿಹಾಸದ ಪುಸ್ತಕಗಳು ಅಬ್ಬಕ್ಕ ಎಂಬ ಹೆಸರಿನ ರಾಣಿಯರ ಕತ್ತಿಯ ಬಗ್ಗೆ ಹೇಳುತ್ತವೆ. ಈ ಕಾಲುವೆಯನ್ನೂ ನೀವು ಅದರ ಪಕ್ಕದಲ್ಲಿ ಬರೆದುಕೊಳ್ಳಿ.

ಇಷ್ಟು ಮಳೆಯಿದ್ದೂ ಕೆರೆ ಏಕೆ?

ಬಿ.ಸಿ. ರೋಡಿನಿಂದ ಪುಂಜಾಲಕಟ್ಟೆ ದಾಟಿ ಮುಂದೆ ಹೋದರೆ ಬೆಳ್ತಂಗಡಿಗೆ ಸ್ವಲ್ಪ ಮೊದಲು ಗುರುವಾಯನಕೆರೆ. ಹೆಸರಿನಲ್ಲೇ ಕೆರೆಯಿದೆ, ರಸ್ತೆಬದಿಯಲ್ಲೂ ಇದೆ. ನಾವು ಅಲ್ಲಿ ಇಳಿದು ಚಹಾ ಕುಡಿದೆವು. ಘಟ್ಟದ ನೀಲಿ ಸಾಲು ನೀರಿನಾಚೆ ಕಾಣುತ್ತಿತ್ತು.

ನಿಮ್ಮಲ್ಲಿ ಬಯಲುಸೀಮೆಯವರು ಕೇಳಬಹುದು: ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ನಾಡಿಗೆ ಕೆರೆ ಯಾಕೆ? ಪ್ರಶ್ನೆ ಸರಿಯಾಗಿದೆ. ಉತ್ತರ ನೆಲದಲ್ಲಿದೆ. ಈ ಮಳೆಯ ಬಹುಪಾಲು ಜೂನಿನಿಂದ ಸೆಪ್ಟೆಂಬರ್‌ವರೆಗೆ ನಾಲ್ಕೇ ತಿಂಗಳಲ್ಲಿ ಸುರಿಯುತ್ತದೆ. ಘಟ್ಟಕ್ಕೂ ಕಡಲಿಗೂ ನಡುವಿನ ಅಂತರ ಕಡಿಮೆ. ಬಿದ್ದ ನೀರು ಬೇಗ ಸಮುದ್ರ ಸೇರುತ್ತದೆ. ಮುರಕಲ್ಲಿನ ನೆಲ ನೀರನ್ನು ಬಹಳ ದಿನ ಹಿಡಿದಿಡುವುದಿಲ್ಲ. ಆದ್ದರಿಂದ ಜುಲೈಯಲ್ಲಿ ನೆರೆ ಕಂಡ ಊರು ಏಪ್ರಿಲಿನಲ್ಲಿ ಬಾವಿಯ ತಳ ನೋಡುತ್ತದೆ.

ಇಲ್ಲಿನ ರೈತ ತನ್ನ ಗದ್ದೆಯನ್ನು ನೀರಿನಿಂದಲೇ ಗುರುತಿಸುತ್ತಿದ್ದ. ತಗ್ಗಿನಲ್ಲಿದ್ದು ಏಣೆಲು, ಸುಗ್ಗಿ, ಕೊಳಕೆ ಎಂಬ ಮೂರು ಬೆಳೆ ಕೊಡುವುದು ಬೈಲು. ಎರಡು ಬೆಳೆ ಕೊಡುವುದು ಮಜಲು. ಮಳೆಯನ್ನೇ ನಂಬಿ ಒಂದೇ ಬೆಳೆ ಕೊಡುವುದು ಬೆಟ್ಟು. ಎತ್ತರದಲ್ಲಿ ಮದಕ ಅಥವಾ ಕೆರೆ ಕಟ್ಟಿ ನೀರು ನಿಲ್ಲಿಸಿದರೆ ಅದು ನಿಧಾನವಾಗಿ ಇಂಗಿ ಕೆಳಗಿನ ಬಾವಿ, ತೋಡುಗಳಲ್ಲಿ ಏಳುತ್ತದೆ, ಮಜಲು ಬೈಲಾಗುತ್ತದೆ. ಒಂದು ಬೆಳೆ ಹೆಚ್ಚಾದರೆ ಕಣಜ ತುಂಬುತ್ತದೆ. ಕಣಜ ತುಂಬಿದರೆ ಚಾವಡಿಗೆ ಕೆತ್ತನೆಯ ಕಂಬ ಬರುತ್ತದೆ. ಹೀಗೆ ಕೆರೆ ಮತ್ತು ಮನೆ ಒಂದೇ ಕಥೆಯ ಎರಡು ಅಧ್ಯಾಯಗಳು. ಕೆರೆಯಲ್ಲಿ ಹೂಳು ತುಂಬಿದ ಊರಿನಲ್ಲಿ ದೊಡ್ಡ ಮನೆಯೂ ಬಹಳ ಕಾಲ ನಿಲ್ಲುವುದಿಲ್ಲ.

ಬಂಡೆಯ ಕೋಟೆ, ಬಿಟ್ಟುಕೊಟ್ಟ ಬೀಡು

ಬೆಳ್ತಂಗಡಿಯ ಉತ್ತರಕ್ಕೆ ಕೆಲವೇ ಕಿಲೋಮೀಟರ್ ದೂರದಲ್ಲಿ ಒಂದೇ ಬಂಡೆಯಂತೆ ನೆಟ್ಟಗೆ ನಿಂತಿರುವುದು ಗಡಾಯಿಕಲ್ಲು. ಹಳೆಯ ಹೆಸರು ನರಸಿಂಹಗಡ. 1794ರಲ್ಲಿ ಟಿಪ್ಪು ಸುಲ್ತಾನ್ ಇದರ ಮೇಲೆ ಕೋಟೆ ಕಟ್ಟಿಸಿ ಜಮಾಲಾಬಾದ್ ಎಂದು ಹೆಸರಿಟ್ಟ. ಅದು ಅವನ ತಾಯಿಯ ನೆನಪಿಗೆ ಇಟ್ಟ ಹೆಸರು ಎನ್ನುತ್ತಾರೆ. ಬಂಡೆಯಲ್ಲೇ ಕಡಿದ ಮೆಟ್ಟಿಲುಗಳ ಒಂದು ಕಿರುದಾರಿಯನ್ನು ಬಿಟ್ಟರೆ ಮೇಲೆ ಹೋಗಲು ಬೇರೆ ಹಾದಿಯಿಲ್ಲ. 1799ರಲ್ಲಿ ಟಿಪ್ಪು ಮಡಿದ ಬಳಿಕ ಕೋಟೆ ಬ್ರಿಟಿಷರ ಕೈಸೇರಿತು. ನಮ್ಮ ವಯಸ್ಸಿಗೆ ಆ ಮೆಟ್ಟಿಲು ಹೇಳಿಸಿದ್ದಲ್ಲ. ಕೆಳಗಿನಿಂದಲೇ ನೋಡಿ ಬಂದೆವು. ನೀವು ಹತ್ತಿ. ಆದರೆ ಮಳೆಗಾಲದಲ್ಲಿ ಬೇಡ. ಕಲ್ಲು ಪಾಚಿಗಟ್ಟಿ ಜಾರುತ್ತದೆ.

ಎರಡು ವರ್ಷಗಳ ತರುವಾಯ, 1801ರಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಕಂಪೆನಿ ಸರಕಾರದ ಅಪ್ಪಣೆಯಂತೆ ಇದೇ ದಾರಿಯಲ್ಲಿ ಬಂದ. ಬೆಳ್ತಂಗಡಿ, ಜಮಾಲಾಬಾದ್, ವೇಣೂರು, ಮೂಡುಬಿದಿರೆ, ಕಾರ್ಕಳ, ಹೀಗೆ ಸಾಗಿತು ಅವನ ಪಯಣ. ಹೋದಲ್ಲೆಲ್ಲ ಮಣ್ಣು, ಬೆಳೆ, ಗೇಣಿ, ಜಾತಿ, ವಾರಸು ಎಲ್ಲವನ್ನೂ ಕೇಳಿ ಬರೆದುಕೊಂಡ. 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅದು ಅಚ್ಚಾಯಿತು. ಇಲ್ಲಿನ ಹಲವು ಮನೆತನಗಳಲ್ಲಿ ಆಸ್ತಿ ಮಗನಿಗೆ ಹೋಗದೆ ಸಹೋದರಿಯ ಮಕ್ಕಳಿಗೆ ಹೋಗುವುದನ್ನು ಅವನೂ ಗಮನಿಸಿದ್ದಾನೆ. ನೆನಪಿಡಿ, ಅವನು ತಿಳಿಯಬಯಸಿದ್ದು ಹೊಸದಾಗಿ ಕೈಸೇರಿದ ನಾಡಿನಿಂದ ಎಷ್ಟು ಕಂದಾಯ ಬಂದೀತು ಎಂಬುದನ್ನೂ ಹೌದು. ದಾಖಲೆ ಓದುವಾಗ ಬರೆದವನು ಯಾರ ಕೆಲಸಕ್ಕೆ ಬಂದಿದ್ದ ಎಂಬುದನ್ನು ಮೊದಲು ಕೇಳಬೇಕು.

ಬೆಳ್ತಂಗಡಿ ತಾಲೂಕಿನಲ್ಲಿ ಮನೆಯ ಕಥೆ ಹೇಳುವಾಗ ಧರ್ಮಸ್ಥಳದ ನೆಲ್ಯಾಡಿ ಬೀಡನ್ನು ಬಿಡುವಂತಿಲ್ಲ. ಐತಿಹ್ಯ ಹೀಗಿದೆ: ಕುಡುಮ ಎಂದು ಕರೆಯಲಾಗುತ್ತಿದ್ದ ಈ ಊರಿನಲ್ಲಿ ಬಿರ್ಮಣ್ಣ ಪೆರ್ಗಡೆ ಮತ್ತು ಅವರ ಪತ್ನಿ ಅಮ್ಮು ಬಳ್ಳಾಲ್ತಿ ವಾಸವಾಗಿದ್ದರು. ಮನೆಗೆ ಬಂದ ಅತಿಥಿಗಳನ್ನು ಅವರು ಆದರದಿಂದ ಉಪಚರಿಸಿದರು. ಬಂದವರು ಧರ್ಮದೈವಗಳು, ಆ ಮನೆಯನ್ನೇ ತಮಗೆ ಬಿಟ್ಟುಕೊಡುವಂತೆ ಕೇಳಿದರು. ದಂಪತಿ ಮನೆ ಬಿಟ್ಟು ಬೇರೆಡೆ ವಾಸಕ್ಕೆ ಹೋದರು. ಇದು ಶಾಸನದ ಮಾತಲ್ಲ, ನಂಬಿಕೆಯ ಮಾತು. ಆದರೂ ಇತಿಹಾಸದ ವಿದ್ಯಾರ್ಥಿಗೆ ಇದರಲ್ಲಿ ಒಂದು ಸೂಚನೆಯಿದೆ. ಆ ಕಥೆಯಲ್ಲಿ ಗಂಡನ ಹೆಸರಿನ ಜೊತೆ ಹೆಂಡತಿಯ ಹೆಸರನ್ನು ಜನ ಮರೆತಿಲ್ಲ. ಮನೆ ಬಿಟ್ಟುಕೊಡಲು ಇಬ್ಬರ ಒಪ್ಪಿಗೆಯೂ ಬೇಕಿತ್ತು ಎಂದು ಹೇಳುವ ಕಥೆ ಅದು.

ನಾನು ನೆಂಟನಾಗಿರುವ ಮನೆ

ಮರುದಿನ ಬೆಳಿಗ್ಗೆ ನನ್ನ ಶ್ರೀಮತಿಯ ಕುಟುಂಬದ ಮನೆ ತಲಪಿದೆವು. ಮುರಕಲ್ಲಿನ ಗೋಡೆ, ಎದುರಿಗೆ ಪಡಿಪ್ಪಿರೆ, ವಿಶಾಲ ಅಂಗಳ, ಎತ್ತರದ ಜಗಲಿ, ಚಾವಡಿಯಲ್ಲಿ ಹಲಸಿನ ಮರದ ನಾಲ್ಕು ಕಂಬ. ಮಂಗಳೂರು ಹೆಂಚಿನ ಮಾಡು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಮೊದಲ ಹೆಂಚಿನ ಕಾರ್ಖಾನೆ ತೆರೆದರು. ಅದಕ್ಕಿಂತ ಮೊದಲು ಈ ಮನೆಗೂ ಮುಳಿಹುಲ್ಲಿನ ಮಾಡೇ ಇತ್ತಂತೆ. ಒಳಗೆ ದೈವದ ಕೋಣೆ, ಅಲ್ಲೊಂದು ಉಯ್ಯಾಲೆ. ಮನೆಯ ಕೆಳಗೆ ಕೆರೆ. ಕೆರೆಯ ಅರ್ಧ ಭಾಗದಲ್ಲಿ ಈಗ ಕೆಸುವಿನ ಗಿಡ ಬೆಳೆದಿದೆ.

ಚಾವಡಿಯಲ್ಲಿ ಚಾಪೆ ಹಾಸಿ ಎಲ್ಲರೂ ಕುಳಿತರು. ನನಗೂ ಕುರ್ಚಿ, ಬೆಲ್ಲ, ನೀರು, ಎಲೆಯಡಿಕೆ ಎಲ್ಲ ಸಿಕ್ಕಿತು. ಮಾತನಾಡುವ ಹಕ್ಕು ಮಾತ್ರ ಸಿಗಲಿಲ್ಲ. ಅವಳ ಸೋದರಮಾವ ನಗುತ್ತ, "ನೀವು ನಮ್ಮ ನೆಂಟರು, ಕುಳಿತುಕೊಳ್ಳಿ. ಇದು ಅವಳು ಹೇಳಬೇಕಾದ್ದು" ಎಂದರು. ಮದುವೆಯಾಗಿ ಮೂವತ್ತು ವರ್ಷ ಕಳೆದರೂ ಆ ಮನೆಯಲ್ಲಿ ನಾನು ನೆಂಟನೇ. ಅದು ಅವಮಾನವಲ್ಲ, ಅಳಿಯಸಂತಾನ ಕಟ್ಟು.

ಅದನ್ನು ಸ್ವಲ್ಪ ವಿವರಿಸುತ್ತೇನೆ. ಈ ಪದ್ಧತಿಯಲ್ಲಿ ಕುಟುಂಬವೆಂದರೆ ಒಬ್ಬ ತಾಯಿಯಿಂದ ಹೆಣ್ಣುಮಕ್ಕಳ ಮೂಲಕ ಇಳಿದು ಬಂದವರೆಲ್ಲ. ಮದುವೆಯಾದ ಹೆಣ್ಣು ಗಂಡನ ಮನೆಗೆ ಹೋಗಿ ಬಾಳುವುದುಂಟು. ಆದರೆ ಅವಳ ಹಕ್ಕು, ಅವಳ ಮಕ್ಕಳ ಹಕ್ಕು ತಾಯಿಮನೆಯಲ್ಲಿ. ಅಧಿಕಾರ ಸಾಮಾನ್ಯವಾಗಿ ಹಿರಿಯ ಸೋದರಮಾವನದು. ಹೆಂಗಸರು ಯಜಮಾನಿಕೆ ವಹಿಸಿದ ಮನೆಗಳೂ ಇದ್ದವು. ಇದನ್ನು ಕೇಳಿ, ಆ ಕಾಲದಲ್ಲಿ ಹೆಣ್ಣಿನದೇ ರಾಜ್ಯ ಎಂದು ನೀವು ತಿಳಿಯಬಾರದು. ಆಸ್ತಿ ಅವಳ ಮೂಲಕ ಹರಿಯುತ್ತಿತ್ತು. ಆದರೆ ಬೀಗದ ಕೈ ಹೆಚ್ಚಾಗಿ ಅವಳ ಅಣ್ಣನ ಸೊಂಟದಲ್ಲಿರುತ್ತಿತ್ತು. ಗಂಡ ತೀರಿಕೊಂಡರೆ ಅವನ ಹೆಂಡತಿ ಮಕ್ಕಳು ತಾವು ಬೆಳೆಸಿದ ತೋಟ ಬಿಟ್ಟು ಹೊರಡಬೇಕಾಗುತ್ತಿತ್ತು. ತಂದೆಯ ಕಷ್ಟದ ಗಳಿಕೆ ಕಣ್ಣ ಮುಂದೆಯೇ ಅವನ ಸಹೋದರಿಯ ಮಕ್ಕಳ ಪಾಲಾಗುವುದನ್ನು ಎಷ್ಟೋ ಮಕ್ಕಳು ನೋಡಿದ್ದಾರೆ. ಹಾಗೆಂದು, ಗಂಡನನ್ನು ಕಳೆದುಕೊಂಡ ಹೆಣ್ಣು ಬೀದಿಗೆ ಬೀಳುತ್ತಿರಲಿಲ್ಲ. ಅವಳಿಗೆ ಹಿಂದಿರುಗಲು ಒಂದು ಚಾವಡಿ ಇರುತ್ತಿತ್ತು. ಪ್ರತಿಯೊಂದು ಕಟ್ಟಿನಲ್ಲೂ ಕೊಡುವುದು ಒಂದು, ಕಸಿಯುವುದು ಒಂದು.

ಹಿಂದೆ ಎಲ್ಲರ ಒಪ್ಪಿಗೆಯಿಲ್ಲದೆ ಯಾರೂ ಪಾಲು ಕೇಳುವಂತಿರಲಿಲ್ಲ. ಮನೆ ದೊಡ್ಡದಾಗಿ ಉಳಿದದ್ದು ಅದರಿಂದ. 1949ರ ಮದ್ರಾಸ್ ಅಳಿಯಸಂತಾನ ಕಾಯಿದೆ ಕುಟುಂಬದ ಕವರುಗಳಿಗೆ, ಎಂದರೆ ಒಬ್ಬೊಬ್ಬ ತಾಯಿಯ ಕವಲುಗಳಿಗೆ, ಪಾಲಿನ ಹಕ್ಕು ಕೊಟ್ಟಿತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಹೆಂಡತಿ ಮಕ್ಕಳನ್ನು ವಾರಸುದಾರರ ಸಾಲಿಗೆ ತಂದಿತು. ಆಮೇಲೆ ಭೂಸುಧಾರಣೆ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ ಗೇಣಿಯ ಭೂಮಿ ಸರಕಾರದ ಮೂಲಕ ಉಳುವವನದಾಯಿತು. ದಕ್ಷಿಣ ಕನ್ನಡದಲ್ಲಿ ಚಾಲಗೇಣಿ, ಮೂಲಗೇಣಿಯ ಒಕ್ಕಲುಗಳು ಬಹಳವಾಗಿದ್ದುದರಿಂದ ಈ ಕಾನೂನಿನ ಪರಿಣಾಮ ಇಲ್ಲಿ ಎದ್ದು ಕಂಡಿತು. ಗೇಣಿಯ ಭತ್ತ ಬರುವುದು ನಿಂತಿತು. ಕಣಜ ಬರಿದಾಯಿತು. ಮಕ್ಕಳು ಮುಂಬಯಿಗೆ, ಬೆಂಗಳೂರಿಗೆ, ಕೊಲ್ಲಿ ದೇಶಗಳಿಗೆ ಹೋದರು.

ನನ್ನ ಶ್ರೀಮತಿಯ ಅಜ್ಜಿ ಆ ದಿನಗಳನ್ನು ನೆನೆದು ಕಣ್ಣೀರಿಡುತ್ತಿದ್ದರಂತೆ. ಅದೇ ಮನೆಯ ಒಕ್ಕಲಾಗಿದ್ದ ಒಬ್ಬ ಹಿರಿಯರು ಅಂದು ಮಾತುಕತೆಯ ಹೊತ್ತಿಗೆ ಬಂದಿದ್ದರು. ಅವರು ಜಗಲಿಯ ಮೇಲೆ ನಮ್ಮ ಪಕ್ಕದಲ್ಲೇ ಕುಳಿತು ಎಲೆಯಡಿಕೆ ಹಾಕಿಕೊಂಡರು. "ನನ್ನ ಅಪ್ಪ ಈ ಅಂಗಳದಲ್ಲಿ ನಿಂತೇ ಮಾತಾಡಿದ್ದು. ಈ ಜಗಲಿ ಹತ್ತಿದವನು ನಾನೇ ಮೊದಲಿಗ" ಎಂದರು. ಆ ಮಾತಿನಲ್ಲಿ ಕಹಿ ಇರಲಿಲ್ಲ, ಲೆಕ್ಕ ಇತ್ತು. ಹಳೆಯ ಮನೆಯ ಚೆಲುವನ್ನು ಹೊಗಳುವಾಗ ಅಂಗಳದಲ್ಲಿ ನಿಂತಿದ್ದವರ ಲೆಕ್ಕವನ್ನೂ ಸೇರಿಸಬೇಕೆಂದು ನನಗೆ ಆಗ ಹೊಳೆಯಿತು. ಕಳಸೆಯ ಮಾತನ್ನು ನೆನಪಿಡಿ ಎಂದದ್ದು ಇದಕ್ಕಾಗಿ.

ಮಾತು ಮಧ್ಯಾಹ್ನದವರೆಗೂ ನಡೆಯಿತು. ಕೆಲವರು ಕಂಬ ಮಾರೋಣ ಎಂದರು, ಕೆಲವರು ಬೇಡ ಎಂದರು. ನನ್ನ ಶ್ರೀಮತಿಯ ಸರದಿ ಬಂದಾಗ ಅವಳು, "ಎಂಟು ದಿನ ಸಮಯ ಕೊಡಿ" ಎಂದಷ್ಟೇ ಹೇಳಿ ಎದ್ದಳು.

ತಾಯಿಯ ಹೆಸರು ಹೇಳುವ ಶಾಸನ

ಗುರುವಾಯನಕೆರೆಗೆ ಮರಳಿ ಮೂಡುಬಿದಿರೆಯ ದಾರಿ ಹಿಡಿದರೆ ವೇಣೂರು. ಇನ್ನೊಂದು ಕವಲು, ನಾರಾವಿಯ ಕಡೆಗೆ ಹೋಗುವುದು, ಅಳದಂಗಡಿಯಲ್ಲಿರುವ ಅಜಿಲರ ಅರಮನೆಗೆ ಒಯ್ಯುತ್ತದೆ. ವೇಣೂರನ್ನು ಆಳಿದವರು ಈ ಅಜಿಲರೇ. ಫಲ್ಗುಣಿ ಹೊಳೆಯ ದಡದಲ್ಲಿ 35 ಅಡಿ ಎತ್ತರದ ಗೊಮ್ಮಟನನ್ನು 1604ರಲ್ಲಿ ನಿಲ್ಲಿಸಿದವನು ತಿಮ್ಮಣ್ಣ ಅಜಿಲ. ಹನ್ನೆರಡು ವರ್ಷಕ್ಕೊಮ್ಮೆ ಇಲ್ಲಿ ಮಹಾಮಸ್ತಕಾಭಿಷೇಕ ನಡೆಯುತ್ತದೆ. 2012ರಲ್ಲಿ ನಡೆದದ್ದು ಮತ್ತೆ 2024ರಲ್ಲಿ ನಡೆಯಿತು.

ಪ್ರವಾಸಿಗಳು ಮೂರ್ತಿಯ ಮುಖ ನೋಡಿ ಹಿಂದಿರುಗುತ್ತಾರೆ. ನೀವು ಶಾಸನವನ್ನೂ ನೋಡಿ. ಅದರಲ್ಲಿ ತಿಮ್ಮರಾಜನ ಪರಿಚಯ ಹೇಗಿದೆ ಗೊತ್ತೇ? ರಾಯಕುವರನ ಅಳಿಯ, ಪಾಂಡ್ಯಕದೇವಿಯ ಮಗ, ಪಾಂಡ್ಯರಾಜನ ತಮ್ಮ. ಮಾವನಿದ್ದಾನೆ, ತಾಯಿಯಿದ್ದಾಳೆ, ಅಣ್ಣನಿದ್ದಾನೆ. ನಾವು ಅರ್ಜಿ ತುಂಬುವಾಗ ಮೊದಲು ಬರೆಯುವ 'ತಂದೆಯ ಹೆಸರು' ಇಲ್ಲಿ ಬೇಕಾಗಿಲ್ಲ. ಅಳಿಯಸಂತಾನವನ್ನು ನಾನು ಚಾವಡಿಯಲ್ಲಿ ಕುಳಿತು ಕಲಿತೆ. ಅದೇ ಪಾಠ ಇಲ್ಲಿ 400 ವರ್ಷಗಳಿಂದ ಕಲ್ಲಿನಲ್ಲಿದೆ.

ಗೊಮ್ಮಟನ ಆವರಣದ ಮುಂದೆ ಎಡಬಲಗಳಲ್ಲಿ ಎರಡು ಚಿಕ್ಕ ಬಸದಿಗಳಿವೆ. ಅವನ್ನು ಕಟ್ಟಿಸಿದವರು ಅಜಿಲನ ಇಬ್ಬರು ರಾಣಿಯರು, ಅದೇ ಕಾಲದಲ್ಲಿ. ಗಂಡ 35 ಅಡಿ ಎತ್ತರದ ಮೂರ್ತಿ ನಿಲ್ಲಿಸಿದಾಗ ಹೆಂಡತಿಯರು ತಮ್ಮ ಹೆಸರಿನಲ್ಲಿ ತಮ್ಮದೇ ಧರ್ಮಕಾರ್ಯ ಮಾಡಿದರು. ನನ್ನ ಶ್ರೀಮತಿ ಅಲ್ಲಿ ಬಹಳ ಹೊತ್ತು ನಿಂತಳು.

ಮೂಡುಬಿದಿರೆಯ ಕಂಬಗಳು

ವೇಣೂರಿನಿಂದ ಮುಂದೆ ಮೂಡುಬಿದಿರೆ. ಹದಿನೆಂಟು ಬಸದಿ, ಹದಿನೆಂಟು ದೇವಸ್ಥಾನ, ಹದಿನೆಂಟು ಕೆರೆ ಎಂಬುದು ಈ ಊರಿನ ಬಗ್ಗೆ ಜನರು ಹೇಳುವ ಮಾತು. ದೇವರ ಲೆಕ್ಕದ ಜೊತೆಗೇ ಕೆರೆಯ ಲೆಕ್ಕವನ್ನೂ ಇಟ್ಟ ಊರು ಇದು. ಹಿಂದೆ ಮಂಗಳೂರು ತಾಲೂಕಿಗೆ ಸೇರಿದ್ದ ಮೂಡುಬಿದಿರೆ 2018ರಲ್ಲಿ ಪ್ರತ್ಯೇಕ ತಾಲೂಕಾಯಿತು.

ಸಾವಿರ ಕಂಬದ ಬಸದಿ ಎಂದೇ ಪ್ರಸಿದ್ಧವಾದ ತ್ರಿಭುವನ ತಿಲಕ ಚೂಡಾಮಣಿ ಬಸದಿ 1430ರಲ್ಲಿ, ವಿಜಯನಗರದ ಎರಡನೆಯ ದೇವರಾಯನ ಕಾಲದಲ್ಲಿ ಎದ್ದು ನಿಂತಿತು. ಒಂದೊಂದು ಕಂಬದ ಕೆತ್ತನೆಯೂ ಬೇರೆ. ತಳಪಾಯದ ಪಟ್ಟಿಕೆಯಲ್ಲಿ ಜಿರಾಫೆಯನ್ನೂ ಚೀನೀ ಡ್ರ್ಯಾಗನನ್ನೂ ಹೋಲುವ ಕೆತ್ತನೆಗಳಿವೆ. ಕಡಲ ವ್ಯಾಪಾರದ ಸುದ್ದಿ ಈ ಒಳನಾಡಿನ ಶಿಲ್ಪಿಯ ಕಿವಿಗೂ ಬಿದ್ದಿತ್ತು ಎನ್ನಲು ಅದು ಸಾಕ್ಷಿ. ನೀವು ಗಮನಿಸಬೇಕಾದ ಇನ್ನೊಂದು ಸಂಗತಿ ಅದರ ಇಳಿಜಾರು ಮಾಡು. ಮಳೆ ಎಲ್ಲರ ಮೇಲೂ ಒಂದೇ ಸಮ ಸುರಿಯುವ ನಾಡಿನಲ್ಲಿ ದೇವರ ಮನೆಗೂ ಮನುಷ್ಯರ ಮನೆಗೂ ಒಂದೇ ಬಗೆಯ ಮಾಡು ಬೇಕಾಯಿತು.

ಗುರು ಬಸದಿಯಲ್ಲಿ ಹಳಗನ್ನಡ ಲಿಪಿಯ ತಾಳೆಗರಿಗಳಲ್ಲಿ ಉಳಿದುಬಂದ ಧವಲಾ ಗ್ರಂಥಗಳು ಶತಮಾನಗಳವರೆಗೆ ದರ್ಶನಕ್ಕಷ್ಟೇ ಸಿಗುತ್ತಿದ್ದವು, ಓದಲು ಸಿಗುತ್ತಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ರತಿ ಮಾಡುವ ಕೆಲಸ ಪ್ರಾರಂಭವಾಗಿ, ವಿದ್ವಾಂಸ ಹೀರಾಲಾಲ್ ಜೈನ್ ಅವರ ಸಂಪಾದನೆಯಲ್ಲಿ 1939ರಿಂದ ಮುದ್ರಣಗೊಂಡವು. 'ಭರತೇಶ ವೈಭವ'ದ ಕವಿ ರತ್ನಾಕರವರ್ಣಿಯೂ ಈ ಊರಿನವನೇ.

ಅಲ್ಲಿಂದ ನಾವು ಹೋದದ್ದು ಚೌಟರ ಅರಮನೆಗೆ. ಹೌದು, ದೋಣಿಯ ಡೇರೆಯಲ್ಲಿ ಗಂಡನನ್ನು ಕಾಣುತ್ತಿದ್ದ ರಾಣಿಯ ಮನೆತನವೇ. ಪುತ್ತಿಗೆಯಲ್ಲಿದ್ದ ಚೌಟರು ಹದಿನೇಳನೆಯ ಶತಮಾನದಲ್ಲಿ ಮೂಡುಬಿದಿರೆಗೆ ನೆಲೆ ಬದಲಿಸಿದರು. ಅರಮನೆ ಎಂದು ನೀವು ಮೈಸೂರನ್ನು ಊಹಿಸಿಕೊಂಡರೆ ನಿರಾಶೆಯಾದೀತು. ಇದು ಹೆಂಚು ಹೊದಿಸಿದ, ಜಗಲಿಯುಳ್ಳ, ಇಂದಿಗೂ ಮನೆತನದವರು ವಾಸವಾಗಿರುವ ಮನೆ. ಆದರೆ ಕಂಬಗಳ ಮುಂದೆ ನಿಂತರೆ ಮಾತು ನಿಲ್ಲುತ್ತದೆ. ಒಂಬತ್ತು ಹೆಂಗಸರು ಒಬ್ಬರನ್ನೊಬ್ಬರು ಹೆಣೆದುಕೊಂಡು ಆನೆಯ ರೂಪ ತಾಳಿದ 'ನವನಾರಿ ಕುಂಜರ', ಐವರು ಹೆಂಗಸರು ಕುದುರೆಯಾದ 'ಪಂಚನಾರಿ ತುರಗ'. ಮರದಲ್ಲಿ ಇಷ್ಟು ನವುರಾದ ಕೆಲಸವನ್ನು ನೀವು ಬೇರೆಡೆ ಕಾಣುವುದು ಅಪರೂಪ.

ನನ್ನ ಶ್ರೀಮತಿ ಕಂಬವನ್ನು ಮುಟ್ಟಲಿಲ್ಲ. ಸ್ವಲ್ಪ ಹೊತ್ತು ನೋಡಿ ಕೇಳಿದಳು: "ಈ ಕಂಬವನ್ನು ಮೊದಲೇ ಯಾರಾದರೂ ಕೊಂಡುಹೋಗಿ ಯಾವುದೋ ಪಟ್ಟಣದ ಹೋಟೆಲಿನಲ್ಲಿ ನಿಲ್ಲಿಸಿದ್ದರೆ ನೀವು ಅದನ್ನು ಏನೆಂದು ಕರೆಯುತ್ತಿದ್ದಿರಿ?"

"ಒಳ್ಳೆಯ ಕೆತ್ತನೆ ಎನ್ನುತ್ತಿದ್ದೆ" ಎಂದೆ.

"ಇಲ್ಲಿದ್ದರೆ?"

"ಚೌಟರ ಮನೆಯ ಕಂಬ."

ಅವಳು ಮತ್ತೇನೂ ಹೇಳಲಿಲ್ಲ. ಸಂಜೆ ಕಡಲಕೆರೆಯ ದಂಡೆಯಲ್ಲಿ ಕುಳಿತೆವು. ಹೂಳು ತುಂಬಿದ್ದ ಈ ಕೆರೆಯನ್ನು ಮತ್ತೆ ತೋಡಿ, ಸುತ್ತ ಗಿಡ ನೆಟ್ಟು ಉಳಿಸಿಕೊಂಡಿದ್ದಾರೆ. ಇದರ ಬದಿಯಲ್ಲೇ ಕೋಟಿಚೆನ್ನಯ ಜೋಡುಕರೆ ಕಂಬಳ ನಡೆಯುತ್ತದೆ. ಮಕ್ಕಳು ದಂಡೆಯ ಮೇಲೆ ಓಡಾಡುತ್ತಿದ್ದರು. ಹಾಳಾದ ಕೆರೆ ಮತ್ತೆ ಕೆರೆಯಾಗಬಲ್ಲದು ಎಂಬುದನ್ನು ಕಣ್ಣಾರೆ ಕಂಡದ್ದು ಅಂದಿನ ದಿನದ ಲಾಭ.

ನಿಮಗೆ ಒಂದು ಕೆಲಸ

ಎಂಟು ದಿನಗಳ ಮೇಲೆ ಅವಳು ಸೋದರಮಾವನಿಗೆ ಫೋನ್ ಮಾಡಿದಳು. ಕಂಬ ಮಾರಲು ತನ್ನ ಒಪ್ಪಿಗೆಯಿಲ್ಲ, ಹೆಂಚು ಹೊದಿಸುವ ಖರ್ಚಿನಲ್ಲಿ ತನ್ನ ಪಾಲು ಕೊಡುತ್ತೇನೆ, ಹೂಳೆತ್ತಲು ಆ ಹಳೆಯ ಒಕ್ಕಲಿನ ಹಿರಿಯರನ್ನೂ ಸೇರಿಸಿಕೊಳ್ಳಿ, ಕೆರೆಯ ನೀರು ಈಗ ಅವರ ಗದ್ದೆಗೂ ಹೋಗುತ್ತದಲ್ಲ ಎಂದಳು. ಆ ಬೇಸಗೆಯಲ್ಲಿ ಮಾಡು ಹೊದಿಸಿದರು. ಕೆರೆಯ ಕೆಲಸ ಅರ್ಧ ಆಗಿದೆ. ಮನೆಯಲ್ಲಿ ವಾಸ ಮಾಡುವವರು ಯಾರು ಎಂಬ ಪ್ರಶ್ನೆ ಹಾಗೆಯೇ ಇದೆ. ಅದಕ್ಕೆ ಉತ್ತರ ನನ್ನಲ್ಲಿಲ್ಲ. ಇದ್ದರೂ ನೆಂಟನಾದ ನಾನು ಹೇಳುವಂತಿಲ್ಲ.

ವಿದ್ಯಾರ್ಥಿ ಮಿತ್ರರೇ, ನಿಮ್ಮ ಊರು ಬಂಟ್ವಾಳವೇ ಆಗಬೇಕೆಂದಿಲ್ಲ. ಬೀದರೂ ಆಗಬಹುದು, ಕಾಸರಗೋಡೂ ಆಗಬಹುದು. ಮುಂದಿನ ರಜೆಯಲ್ಲಿ ಒಂದು ನೋಟ್‌ಬುಕ್ ಹಿಡಿದು ನಿಮ್ಮದೇ ಹಳೆಯ ಮನೆಗೆ ಹೋಗಿ. ಮನೆಯನ್ನು ಕಟ್ಟಿದವರು ಯಾರು, ಮರ ಎಲ್ಲಿಂದ ಬಂತು, ಯಾವ ವರ್ಷ ಹೆಂಚು ಹೊದಿಸಿದರು, ಮದುವೆಯಾಗಿ ಬಂದ ಅಜ್ಜಿಗೆ ಅಲ್ಲಿ ಏನು ಹಕ್ಕಿತ್ತು, ಜಗಲಿ ಹತ್ತಲು ಯಾರಿಗೆ ಅನುಮತಿ ಇರಲಿಲ್ಲ, ಕೆರೆ ಯಾರದು, ಅದರ ನೀರು ಯಾರಿಗೆ ಸಿಗುತ್ತಿತ್ತು, ಇಷ್ಟನ್ನು ಕೇಳಿ ಬರೆದುಕೊಳ್ಳಿ. ಉತ್ತರ ಹೇಳಬಲ್ಲ ಹಿರಿಯರಿಗೆ ವಯಸ್ಸಾಗುತ್ತಿದೆ. ಆದ್ದರಿಂದ ಅಜ್ಜಿಯ ಬಳಿ ಮೊದಲು ಹೋಗಿ. ಗಡಾಯಿಕಲ್ಲಿನ ಮೆಟ್ಟಿಲು ಮುಂದಿನ ವರ್ಷವೂ ಅಲ್ಲೇ ಇರುತ್ತದೆ.